ದೃಷ್ಟಿಭ್ರಮೆಯ ಚಿತ್ರಗಳು, ಅವನ್ನು ಬಿಡಿಸಿದವರು: ಪದೇ ಪದೇ ಕೇಳುವ ಪ್ರಶ್ನೆಗಳು

ಸುಮ್ಮನೆ ನೋಡುತ್ತಿದ್ದರೆ ತಿರುಗತೊಡಗುವ ಚಕ್ರಗಳು, ಎಷ್ಟು ಹತ್ತಿದರೂ ಮುಗಿಯದ ಮೆಟ್ಟಿಲು, ರಸ್ತೆಯ ನಡುವೆ ಬಾಯ್ದೆರೆದ ಕಂದಕ. ಇಂಥ ಚಿತ್ರಗಳು ವಾಟ್ಸಾಪ್ ಗುಂಪುಗಳಲ್ಲಿ ದಿನವೂ ಬಂದು ಹೋಗುತ್ತವೆ, ಬಿಡಿಸಿದವರ ಹೆಸರು ಮಾತ್ರ ಜೊತೆಯಲ್ಲಿ ಬರುವುದಿಲ್ಲ. ಯಾರು, ಯಾವಾಗ, ಯಾವ ಉಪಾಯದಿಂದ ಮಾಡಿದರು ಎಂಬುದು ಗೊತ್ತಿದ್ದರೆ ಇಂಥ ಚಿತ್ರದ ಸೊಗಸು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮಕ್ಕಳು, ಮೇಷ್ಟ್ರುಗಳು, ಚಿತ್ರಕಲೆ ಕಲಿಯುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ದೃಷ್ಟಿಭ್ರಮೆ ಎಂದರೆ ಕಣ್ಣಿನ ದೋಷವೇ?

ಅಲ್ಲ. ಕಣ್ಣು ಚೆನ್ನಾಗಿರುವವರಿಗೇ ಇದು ಚೆನ್ನಾಗಿ ಆಗುತ್ತದೆ. ಕಣ್ಣಿನ ಹಿಂಪರದೆಯ ಮೇಲೆ ಬೀಳುವುದು ಚಪ್ಪಟೆಯಾದ, ತಲೆಕೆಳಗಾದ ಬಿಂಬ. ಅದರಿಂದ ಉಬ್ಬು-ತಗ್ಗು, ದೂರ-ಹತ್ತಿರ, ಬಣ್ಣ, ಚಲನೆ ಎಲ್ಲವನ್ನೂ ಮಿದುಳು ಊಹಿಸಿಕೊಳ್ಳಬೇಕು. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇದನ್ನು ನಮ್ಮ ಅರಿವಿಗೆ ಬಾರದೆ ನಡೆಯುವ ತರ್ಕ ಎಂದು ಕರೆದಿದ್ದರು.

ಒಂದು ಉದಾಹರಣೆ ನೋಡಿ. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ಮಿದುಳು ನಂಬಿದೆ. ಸೂರ್ಯ ಮೇಲಿರುವ ಲೋಕದಲ್ಲಿ ಬೆಳೆದ ನಂಬಿಕೆ ಅದು. ಚಂದ್ರನ ಮೇಲಿನ ಕುಳಿಗಳ ಫೋಟೋವನ್ನು ಮೊಬೈಲಿನಲ್ಲಿ ತೆರೆದು ತಲೆಕೆಳಗೆ ಮಾಡಿದರೆ ಹಲವರಿಗೆ ಕುಳಿಗಳೆಲ್ಲ ದಿಬ್ಬಗಳಾಗಿ ಕಾಣುತ್ತವೆ. ಫೋಟೋ ಬದಲಾಗಿಲ್ಲ, ನೆರಳಿನ ದಿಕ್ಕು ಮಾತ್ರ ಬದಲಾಗಿದೆ. ಭ್ರಮೆಯ ಚಿತ್ರ ಬಿಡಿಸುವವರು ಇಂಥ ನಂಬಿಕೆಗಳನ್ನು ಒಂದೊಂದಾಗಿ ಗುರುತಿಸಿ ಅವುಗಳ ಮೇಲೇ ಚಿತ್ರ ಕಟ್ಟುತ್ತಾರೆ.

ನಿಜ ಗೊತ್ತಾದ ಮೇಲೂ ಭ್ರಮೆ ಹೋಗುವುದಿಲ್ಲ, ಏಕೆ?

ಈ ಕಲೆಯ ಜೀವಾಳವೇ ಇದು. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುವ ದೃಷ್ಟಾಂತ ನಮ್ಮ ವೇದಾಂತದಲ್ಲಿ ಪ್ರಸಿದ್ಧ. ಅಲ್ಲಿ ದೀಪ ತಂದರೆ ಹಾವು ಮಾಯವಾಗುತ್ತದೆ. ಇಲ್ಲಿ ದೀಪ ತಂದರೂ ಹಾವು ಹಾವೇ. 1889ರಲ್ಲಿ ಮ್ಯುಲರ್-ಲಾಯರ್ ತೋರಿಸಿದ ಎರಡು ಗೆರೆಗಳನ್ನು ನೀವು ನೋಡಿಯೇ ಇರುತ್ತೀರಿ. ಒಂದರ ತುದಿಗಳಲ್ಲಿ ಬಾಣದ ಗುರುತು ಒಳಮುಖ, ಇನ್ನೊಂದರಲ್ಲಿ ಹೊರಮುಖ. ಸ್ಕೇಲ್ ಹಿಡಿದು ಎರಡೂ ಒಂದೇ ಉದ್ದ ಎಂದು ಅಳೆದ ಮರುಕ್ಷಣವೂ ಒಂದು ಉದ್ದವಾಗಿಯೇ ಕಾಣುತ್ತದೆ. ನೋಡುವ ಕೆಲಸ ಮಾಡುವ ಭಾಗ ನಮ್ಮ ತಿಳಿವಳಿಕೆಯ ಮಾತನ್ನು ಕೇಳುವುದೇ ಇಲ್ಲ.

ಇದನ್ನು ಅತ್ಯಂತ ಚೆನ್ನಾಗಿ ತೋರಿಸುವುದು ಅಮೆರಿಕದ ಎಂಐಟಿಯ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಮಾಡಿದ ಚದುರಂಗದ ಹಾಸಿನ ಚಿತ್ರ. ಹಾಸಿನ ಮೂಲೆಯಲ್ಲಿ ಹಸಿರು ಕಂಬವೊಂದಿದೆ, ಅದರ ನೆರಳು ಮನೆಗಳ ಮೇಲೆ ಬಿದ್ದಿದೆ. ನೆರಳಿನ ಹೊರಗಿನ 'ಎ' ಮನೆ ಕಪ್ಪು, ನೆರಳಿನೊಳಗಿನ 'ಬಿ' ಮನೆ ಬಿಳಿ ಎಂದು ಯಾರೂ ಅನುಮಾನಿಸದೆ ಹೇಳುತ್ತಾರೆ. ಕಾಗದದಲ್ಲಿ ಎರಡು ತೂತು ಮಾಡಿ, ಆ ಎರಡು ಮನೆಗಳಷ್ಟೇ ಕಾಣುವಂತೆ ಚಿತ್ರದ ಮೇಲಿಟ್ಟು ನೋಡಿ. ಎರಡೂ ಒಂದೇ ಬೂದು ಬಣ್ಣ. ಕಾಗದ ತೆಗೆದರೆ ಮತ್ತೆ ಕಪ್ಪು-ಬಿಳಿ. ಮಿದುಳು ಇಲ್ಲಿ ತಪ್ಪು ಮಾಡುತ್ತಿಲ್ಲ. ನೆರಳಿನಲ್ಲಿದ್ದೂ ಇಷ್ಟು ಬೆಳಕು ಬರುತ್ತಿದೆಯೆಂದರೆ ವಸ್ತು ಬಿಳಿಯೇ ಇರಬೇಕು ಎಂದು ಲೆಕ್ಕ ಹಾಕುತ್ತದೆ. ನಿಜಜೀವನದಲ್ಲಿ ಆ ಲೆಕ್ಕ ಸರಿ. ಮರದ ನೆರಳಿಗೆ ಬಂದ ಬಿಳಿ ಅಂಗಿ ಬೂದಾಗಿ ಕಾಣದೆ ಬಿಳಿಯಾಗಿಯೇ ಕಾಣುವುದು ಇದರಿಂದಲೇ.

ಹುಣ್ಣಿಮೆಯ ಚಂದ್ರ ಹುಟ್ಟುವಾಗ ದೊಡ್ಡದಾಗಿ ಕಾಣುವುದೂ ಭ್ರಮೆಯೇ?

ಹೌದು. ಕೈಯನ್ನು ಪೂರ್ತಿ ಮುಂದೆ ಚಾಚಿ ಕಿರುಬೆರಳಿನ ಉಗುರನ್ನು ಚಂದ್ರನ ಪಕ್ಕ ಹಿಡಿಯಿರಿ. ದಿಗಂತದಲ್ಲಿದ್ದರೂ ನೆತ್ತಿಗೆ ಬಂದರೂ ಚಂದ್ರ ಉಗುರಿನ ಅಗಲದ ಸುಮಾರು ಅರ್ಧದಷ್ಟೇ ಇರುತ್ತದೆ.

ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರ ತಲೆಕೆಳಗಾಗಿ ಕಾಣುವುದು?

ಅದು ಭ್ರಮೆಯಲ್ಲ. ಗೋಪುರದಿಂದ ಬರುವ ಬೆಳಕು ಸಣ್ಣ ಕಿಂಡಿಯ ಮೂಲಕ ಹಾದು ಎದುರಿನ ಗೋಡೆಯ ಮೇಲೆ ಬೀಳುವ ನಿಜವಾದ ಬಿಂಬ. ಕ್ಯಾಮೆರಾದಲ್ಲಿ ನಡೆಯುವುದೂ ಇದೇ. ಅಳೆದು ನೋಡಿದಾಗಲೂ ಬಿಂಬ ಅಲ್ಲೇ ಇರುತ್ತದೆ. ಭ್ರಮೆಯಲ್ಲಿ ಕಂಡದ್ದು ಅಳತೆಗೆ ಸಿಗುವುದಿಲ್ಲ.

ನಮ್ಮ ಕಡೆಯ ಹಳೆಯ ಶಿಲ್ಪಗಳಲ್ಲಿ ಇಂಥದ್ದು ಇದೆಯೇ?

ಇದೆ, ಅದೂ ಬಹಳ ಹಳೆಯದು. ಬಾದಾಮಿಯ ಮೊದಲನೇ ಗುಹೆಗೆ ಹೋದವರು ಹದಿನೆಂಟು ಕೈಗಳ ನಟರಾಜನನ್ನು ನೋಡಿಕೊಂಡು ಮುಂದೆ ಹೋಗಿಬಿಡುತ್ತಾರೆ. ಪ್ರವೇಶದ ಎಡಬದಿಯಲ್ಲಿ ತ್ರಿಶೂಲ ಹಿಡಿದ ದ್ವಾರಪಾಲಕನಿದ್ದಾನೆ. ಅವನ ಕೆಳಗೆ ಒಂದು ಸಣ್ಣ ಕೆತ್ತನೆ: ಆನೆ ಮತ್ತು ಗೂಳಿ, ಎರಡಕ್ಕೂ ಸೇರಿ ತಲೆ ಒಂದೇ. ಒಂದು ಕಡೆಯಿಂದ ನೋಡಿದರೆ ಆನೆ, ಇನ್ನೊಂದು ಕಡೆಯಿಂದ ಗೂಳಿ. ಅಂಗೈಯಿಂದ ಒಂದು ಮೈಯನ್ನು ಮರೆಮಾಡಿದರೆ ಉಳಿದ ಪ್ರಾಣಿ ಸ್ಪಷ್ಟವಾಗಿ ಎದ್ದು ಬರುತ್ತದೆ. ಎರಡನ್ನೂ ಒಟ್ಟಿಗೆ ನೋಡುತ್ತೇನೆ ಎಂದು ಹಟ ಹಿಡಿದರೆ ಆಗುವುದಿಲ್ಲ, ಮನಸ್ಸು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಲೇ ಇರುತ್ತದೆ. ತಮಿಳುನಾಡಿನ ದಾರಾಸುರಂನ ಐರಾವತೇಶ್ವರ ದೇವಾಲಯದಲ್ಲೂ ಇದೇ ಕಲ್ಪನೆಯ ಪ್ರಸಿದ್ಧ ಶಿಲ್ಪವಿದೆ. ಆದರೆ ಅದು 12ನೇ ಶತಮಾನದ್ದು, ಬಾದಾಮಿಯದು 6ನೇ ಶತಮಾನದ್ದು.

ಮನಶ್ಶಾಸ್ತ್ರದ ಪುಸ್ತಕಗಳು ಬಾತುಕೋಳಿ-ಮೊಲದ ಚಿತ್ರವನ್ನು ಈ ಬಗೆಯ ಮಾದರಿಯೆಂದು ತೋರಿಸುತ್ತವೆ. ಅದು ಜರ್ಮನಿಯ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1892ರಲ್ಲಿ. ಚಾಲುಕ್ಯರ ಶಿಲ್ಪಿ ಅದೇ ಆಟವನ್ನು ಸುಮಾರು 1300 ವರ್ಷ ಮೊದಲೇ ಮರಳುಗಲ್ಲಿನಲ್ಲಿ ಆಡಿದ್ದಾನೆ. ಅವನ ಹೆಸರು ನಮಗೆ ಉಳಿದಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಕಥೆಯಲ್ಲಿ ಹುಡುಕುವುದಾದರೆ ಮಹಾಭಾರತದ ಸಭಾಪರ್ವವಿದೆ. ಮಯ ಕಟ್ಟಿದ ಸಭೆಯಲ್ಲಿ ದುರ್ಯೋಧನ ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಉಡುಪು ಎತ್ತಿಕೊಳ್ಳುತ್ತಾನೆ, ನೀರನ್ನು ನೆಲವೆಂದು ತಿಳಿದು ಬೀಳುತ್ತಾನೆ. ವಾಸ್ತುಶಿಲ್ಪಿಯೊಬ್ಬ ಕಣ್ಣಿನ ನಂಬಿಕೆಯನ್ನು ಹೇಗೆ ಬಳಸಬಲ್ಲ ಎಂಬುದನ್ನು ನಮ್ಮವರು ಎಂದೋ ಕಲ್ಪಿಸಿದ್ದರು.

ಇಲ್ಲದ ಗುಮ್ಮಟವನ್ನು ಚಿತ್ರದಲ್ಲೇ ಕಟ್ಟಿದ ಚರ್ಚ್ ಇದೆಯಂತೆ, ಎಲ್ಲಿ?

ರೋಮ್ ನಗರದ ಸಂತ ಇಗ್ನೇಷಿಯಸ್ ಚರ್ಚ್. ಕಲಾವಿದ ಆಂದ್ರೆಯಾ ಪೊಜ್ಜೊ ಜೆಸ್ಯೂಟ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಸೋದರ. ಗುಮ್ಮಟ ಬರಬೇಕಿದ್ದ ಜಾಗಕ್ಕೆ 1685ರಲ್ಲಿ ಅವರು ಸುಮಾರು 17 ಮೀಟರ್ ಅಗಲದ ಚಪ್ಪಟೆ ಕ್ಯಾನ್ವಾಸ್ ಮೇಲೆ ಗುಮ್ಮಟದ ಒಳಭಾಗವನ್ನು ಬಿಡಿಸಿ ಏರಿಸಿದರು. ಆಮೇಲೆ ಉದ್ದನೆಯ ಹಜಾರದ ಛಾವಣಿ. ಅದು ಮುಗಿದದ್ದು 1694ರಲ್ಲಿ.

ನೆಲದಲ್ಲಿ ಒಂದು ಅಮೃತಶಿಲೆಯ ಬಿಲ್ಲೆ ಇದೆ. ಅದರ ಮೇಲೆ ನಿಂತು ತಲೆಯೆತ್ತಿದರೆ ನಿಜವಾದ ಗೋಡೆ ಎಲ್ಲಿ ಮುಗಿಯಿತು, ಬಣ್ಣದ ಕಂಬ ಎಲ್ಲಿ ಶುರುವಾಯಿತು ಎಂದು ಹೇಳಲಾಗುವುದಿಲ್ಲ. ಛಾವಣಿಯೇ ಕಿತ್ತುಹೋಗಿ ಆಕಾಶ ತೆರೆದುಕೊಂಡಂತೆ ಕಾಣುತ್ತದೆ. ಬಿಲ್ಲೆಯಿಂದ ಆಚೆಗೆ ನಡೆಯತೊಡಗಿದರೆ ಕಂಬಗಳು ಓರೆಯಾಗಿ ವಾಲುತ್ತವೆ, ಕಟ್ಟಡವೇ ಕುಸಿಯುವಂತೆ ಕಾಣುತ್ತದೆ. ಬಾಗಿದ ಛಾವಣಿಯ ಮೇಲೆ ನೇರ ಗೆರೆ ಕಾಣಬೇಕಾದರೆ ಬಿಡಿಸುವಾಗ ಗೆರೆಯನ್ನು ಬಾಗಿಸಬೇಕು, ಎಷ್ಟು ಎಂಬುದಕ್ಕೆ ಲೆಕ್ಕ ಬೇಕು. ದಾರಗಳ ಜಾಲ ಕಟ್ಟಿ, ನೋಡುಗ ನಿಲ್ಲುವ ಬಿಂದುವಿನಿಂದ ಒಂದೊಂದು ಗೆರೆಯನ್ನೂ ಛಾವಣಿಗೆ ಸಾಗಿಸುವ ವಿಧಾನವನ್ನು ಪೊಜ್ಜೊ ತಮ್ಮ ಗ್ರಂಥದಲ್ಲಿ ವಿವರವಾಗಿ ಬರೆದಿಟ್ಟರು. ಗುಟ್ಟು ಬಚ್ಚಿಡದ ಈ ದೊಡ್ಡ ಗುಣಕ್ಕಾಗಿ ನನಗೆ ಅವರ ಮೇಲೆ ಹೆಚ್ಚಿನ ಗೌರವ.

ಒಂದೇ ಬಿಂದುವಿನಿಂದ ಸರಿಯಾಗಿ ಕಾಣುವ ಇನ್ನೊಂದು ಹಳೆಯ ಕೃತಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಹಾನ್ಸ್ ಹೋಲ್ಬೈನ್ 1533ರಲ್ಲಿ ಬಿಡಿಸಿದ ಇಬ್ಬರು ರಾಯಭಾರಿಗಳ ಚಿತ್ರ ಅದು. ಅವರ ಕಾಲ ಬಳಿ ಅರ್ಥವಾಗದ ಉದ್ದನೆಯ ಕಲೆಯೊಂದಿದೆ. ಚಿತ್ರದ ಬಲಬದಿಗೆ ಹೋಗಿ ಓರೆಯಾಗಿ ನೋಡಿದರೆ ಅದು ತಲೆಬುರುಡೆ.

ಎಷರ್ ಗಣಿತಜ್ಞರೇ?

ಅಲ್ಲ, ಶಾಲೆಯಲ್ಲಿ ಅವರಿಗೆ ಗಣಿತ ಒಲಿದಿರಲಿಲ್ಲ. ಮುದ್ರಣ ಚಿತ್ರಗಳ ಕಲಾವಿದ ಎಂ. ಸಿ. ಎಷರ್ ಹುಟ್ಟಿದ್ದು 1898ರಲ್ಲಿ, ನೆದರ್‌ಲ್ಯಾಂಡ್ಸಿನ ಲೇವಾರ್ಡನ್‌ನಲ್ಲಿ. ವಾಸ್ತುಶಿಲ್ಪ ಕಲಿಯಲು ಹಾರ್ಲೆಮ್‌ಗೆ ಹೋದವರನ್ನು ಮುದ್ರಣಕಲೆಯ ಕಡೆಗೆ ತಿರುಗಿಸಿದ್ದು ಅಲ್ಲಿನ ಗುರು ಸಾಮ್ಯುಯೆಲ್ ಡಿ ಮೆಸ್ಕಿಟಾ. ಯಹೂದಿಯಾಗಿದ್ದ ಆ ಗುರುವನ್ನು ನಾತ್ಸಿಗಳು 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಂದರು.

ಎಷರ್ ಬಹುಕಾಲ ಇಟಲಿಯಲ್ಲಿದ್ದು ಬೆಟ್ಟದೂರುಗಳ ಚಿತ್ರ ಕೊರೆದರು. 1922ರಲ್ಲಿ, ಮತ್ತೆ 1936ರಲ್ಲಿ ಸ್ಪೇನಿನ ಗ್ರಾನಡಾದ ಅಲ್‌ಹಂಬ್ರಾ ಅರಮನೆಗೆ ಹೋದರು. ಗೋಡೆಯ ಹೆಂಚುಗಳಲ್ಲಿ ಒಂದು ಆಕಾರ ಇನ್ನೊಂದಕ್ಕೆ ಸಂದಿಲ್ಲದಂತೆ ಕೂಡಿಕೊಳ್ಳುವ ಇಸ್ಲಾಮಿ ವಿನ್ಯಾಸಗಳನ್ನು ಎರಡನೇ ಭೇಟಿಯಲ್ಲಿ ಕೂತು ನಕಲು ಮಾಡಿಕೊಂಡರು. ಅಲ್ಲಿ ಬರೀ ರೇಖಾಕೃತಿಗಳಿದ್ದವು, ಇವರು ಅವುಗಳಲ್ಲಿ ಹಕ್ಕಿ, ಮೀನು, ಹಲ್ಲಿ ತಂದರು. 1938ರ 'ಹಗಲು ಮತ್ತು ಇರುಳು' ಚಿತ್ರದಲ್ಲಿ ಬಿಳಿ ಹಕ್ಕಿಗಳ ನಡುವಿನ ಖಾಲಿ ಜಾಗವೇ ಕರಿ ಹಕ್ಕಿಗಳಾಗುತ್ತದೆ, ಕೆಳಗಿನ ಹೊಲಗಳೇ ಹಕ್ಕಿಗಳಾಗಿ ಮೇಲೇಳುತ್ತವೆ.

ಅವರ 1961ರ 'ಜಲಪಾತ'ವನ್ನು ಒಮ್ಮೆ ನಿಧಾನವಾಗಿ ನೋಡಿ. ಬೆರಳಿಟ್ಟು ನೀರನ್ನು ಹಿಂಬಾಲಿಸಿ. ಧುಮುಕಿದ ನೀರು ಚಕ್ರ ತಿರುಗಿಸುತ್ತದೆ, ಕಾಲುವೆಗೆ ಸೇರುತ್ತದೆ, ಅಂಕುಡೊಂಕಾಗಿ ಹರಿದು ದೂರ ಸಾಗುತ್ತದೆ. ಎಲ್ಲೂ ಏರಿಲ್ಲ. ಆದರೂ ನಿಮ್ಮ ಬೆರಳು ಕೊನೆಗೆ ಬಂದು ನಿಲ್ಲುವುದು ನೀರು ಧುಮುಕುವ ತುದಿಯಲ್ಲೇ. ಉಳಿದದ್ದನ್ನು ಕಾಗದದಿಂದ ಮುಚ್ಚಿ ಕಾಲುವೆಯ ಯಾವುದೇ ಒಂದು ತಿರುವನ್ನಷ್ಟೇ ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ. ತಪ್ಪು ಯಾವ ಒಂದು ಜಾಗದಲ್ಲೂ ಇಲ್ಲ, ಪೂರ್ತಿ ಕೂಡಿಸಿದಾಗ ಮಾತ್ರ ಬರುತ್ತದೆ. ಇಷ್ಟೆಲ್ಲ ಆಗುತ್ತಿರುವಾಗ ಪಕ್ಕದಲ್ಲಿ ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತಿದ್ದಾಳೆ. ಆ ಹೆಂಗಸನ್ನು ಅಲ್ಲಿಟ್ಟದ್ದೇ ಎಷರ್ ಅವರ ದೊಡ್ಡತನ. ದಿನನಿತ್ಯದ ಕೆಲಸ ಅಲ್ಲಿ ನಡೆಯುತ್ತಿರುವುದರಿಂದ ಆ ಅಸಾಧ್ಯ ಲೋಕವನ್ನು ನಾವು ಮರುಮಾತಿಲ್ಲದೆ ಒಪ್ಪಿಬಿಡುತ್ತೇವೆ.

ಅವರ ಕೃತಿಗಳ ಕಾಯಂ ಪ್ರದರ್ಶನ ಹೇಗ್ ನಗರದ ಹಳೆಯ ಅರಮನೆಯೊಂದರಲ್ಲಿದೆ.

ಅಸಾಧ್ಯ ತ್ರಿಕೋನವನ್ನು ಮೊದಲು ಬಿಡಿಸಿದ್ದು ಪೆನ್‌ರೋಸ್ ಅಲ್ಲವೇ?

ಒಂದೊಂದು ಮೂಲೆಯೂ ಸರಿಯಾಗಿದ್ದು, ಮೂರನ್ನೂ ಕೂಡಿಸಿದಾಗ ನಿಜದಲ್ಲಿ ಕಟ್ಟಲಾಗದ ಆಕೃತಿ ಅದು. ಹೆಸರು ಪೆನ್‌ರೋಸ್ ಅವರದ್ದು, ಆದರೆ ಮೊದಲು ಬಿಡಿಸಿದವರು ಸ್ವೀಡನ್ನಿನ ಓಸ್ಕರ್ ರಾಯ್ಟರ್ಸ್‌ವಾರ್ಡ್. 1934ರಲ್ಲಿ, ಇನ್ನೂ ಶಾಲಾ ಹುಡುಗನಾಗಿದ್ದಾಗ, ಲ್ಯಾಟಿನ್ ತರಗತಿಯಲ್ಲಿ ಕೂತು ನಕ್ಷತ್ರವೊಂದರ ಸುತ್ತ ಘನಾಕೃತಿಗಳನ್ನು ಜೋಡಿಸುತ್ತಾ ಹೋದಾಗ ಅದು ಮೂಡಿತು. ಮುಂದೆ ಜೀವನವಿಡೀ ಇಂಥ ಆಕೃತಿಗಳನ್ನೇ ಬಿಡಿಸಿದರು. ಸ್ವೀಡನ್ 1982ರಲ್ಲಿ ಅವರ ಚಿತ್ರಗಳ ಅಂಚೆಚೀಟಿ ತಂದಿತು.

ರೋಜರ್ ಪೆನ್‌ರೋಸ್ (2020ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು ಇವರೇ) 1954ರಲ್ಲಿ ಗಣಿತಜ್ಞರ ಸಮ್ಮೇಳನಕ್ಕೆ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿದ್ದಾಗ ಅಲ್ಲಿ ಎಷರ್ ಪ್ರದರ್ಶನ ನೋಡಿದರು. ಅದರ ಗುಂಗಿನಲ್ಲಿ ತ್ರಿಕೋನವನ್ನು ತಾವಾಗಿಯೇ ಕಂಡುಕೊಂಡರು. ತಂದೆ ಲಯೊನೆಲ್ ಜೊತೆ ಸೇರಿ ತ್ರಿಕೋನ ಮತ್ತು ಮುಗಿಯದ ಮೆಟ್ಟಿಲುಗಳ ಬಗ್ಗೆ 1958ರಲ್ಲಿ ಲೇಖನ ಪ್ರಕಟಿಸಿದರು. ಆ ಲೇಖನ ಎಷರ್ ಕೈಸೇರಿತು. ಮೆಟ್ಟಿಲು 1960ರ 'ಏರುವುದು ಮತ್ತು ಇಳಿಯುವುದು' ಚಿತ್ರವಾಯಿತು, ತ್ರಿಕೋನ 'ಜಲಪಾತ'ವಾಯಿತು. ಚಿತ್ರಕಾರನಿಂದ ಗಣಿತಜ್ಞನಿಗೆ, ಗಣಿತಜ್ಞನಿಂದ ಮತ್ತೆ ಚಿತ್ರಕಾರನಿಗೆ ಹೋದ ಇಂಥ ಕೊಡುಕೊಳ್ಳುವಿಕೆ ಕಲೆಯ ಇತಿಹಾಸದಲ್ಲಿ ಅಪರೂಪ.

ಬರೀ ಕಪ್ಪು-ಬಿಳಿ ಪಟ್ಟೆಗಳನ್ನು ಕಲೆ ಎಂದು ಏಕೆ ಕರೆಯಬೇಕು?

ಬ್ರಿಟನ್ನಿನ ಬ್ರಿಜೆಟ್ ರೈಲಿ ಅವರ 1961ರ 'ಚೌಕಗಳಲ್ಲಿ ಚಲನೆ' ಕೃತಿಯನ್ನು ಎದುರಿಗಿಟ್ಟುಕೊಂಡು ಮಾತಾಡೋಣ. ಚದುರಂಗದ ಹಾಸಿನಂತೆ ಕಪ್ಪು-ಬಿಳಿ ಮನೆಗಳು. ಎತ್ತರ ಎಲ್ಲಕ್ಕೂ ಒಂದೇ. ಎಡದಿಂದ ಬಲಕ್ಕೆ ಹೋದಂತೆ ಅಗಲ ಮಾತ್ರ ಕಿರಿದಾಗುತ್ತಾ, ಗೆರೆಯಷ್ಟು ಸಣ್ಣದಾಗಿ, ಮತ್ತೆ ಅಗಲವಾಗುತ್ತದೆ. ಅಷ್ಟರಿಂದಲೇ ಚಪ್ಪಟೆ ಹಲಗೆ ಒಳಕ್ಕೆ ಮಡಿಚಿಕೊಂಡು ಆಳಕ್ಕಿಳಿಯುತ್ತದೆ. ಅಲ್ಲಿ ಛಾಯೆಯಿಲ್ಲ, ಬಣ್ಣವಿಲ್ಲ, ಬಾಗಿದ ಗೆರೆ ಒಂದೂ ಇಲ್ಲ. ಅಗಲವನ್ನು ಎಷ್ಟೆಷ್ಟು ಕಿರಿದುಮಾಡಬೇಕು ಎಂಬ ತೀರ್ಮಾನ ಕಂಪ್ಯೂಟರಿನದ್ದಲ್ಲ, ಕಣ್ಣಿನದ್ದು. ಸ್ವಲ್ಪ ಅವಸರಿಸಿದ್ದರೂ ಮಡಿಕೆ ಬರುತ್ತಿರಲಿಲ್ಲ.

1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಇಂಥ ಕೃತಿಗಳದ್ದೇ ಒಂದು ದೊಡ್ಡ ಪ್ರದರ್ಶನ ಮಾಡಿತು. ರೈಲಿ ಇದ್ದರು, ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ವಿಕ್ಟರ್ ವಾಸರೆಲಿ ಇದ್ದರು. ದೃಷ್ಟಿಭ್ರಮೆಯ ಈ ಕಲೆಗೆ ಆಪ್ ಆರ್ಟ್ ಎಂಬ ಹೆಸರು ಎಲ್ಲರ ಬಾಯಲ್ಲಿ ಓಡಾಡಿತು. ಜನ ಮುಗಿಬಿದ್ದರು, ಜೊತೆಗೆ ಬಟ್ಟೆ ತಯಾರಿಸುವವರೂ ಮುಗಿಬಿದ್ದರು. ರೈಲಿ ನ್ಯೂಯಾರ್ಕಿಗೆ ಬಂದಿಳಿದಾಗ ಅವರ ವಿನ್ಯಾಸಗಳನ್ನು ಅನುಕರಿಸಿದ ಉಡುಪುಗಳು ಅಂಗಡಿಗಳ ಗಾಜಿನ ಹಿಂದೆ ನೇತಾಡುತ್ತಿದ್ದವು. ಅವರು ನೊಂದು ಕಾನೂನಿನ ದಾರಿ ಹುಡುಕಿದರು. ಕಲಾವಿದರ ವಿನ್ಯಾಸಕ್ಕೆ ರಕ್ಷಣೆ ಕೊಡುವ ಹಕ್ಕುಸ್ವಾಮ್ಯ ಆಗ ಅಮೆರಿಕದಲ್ಲಿ ಸಿಗಲಿಲ್ಲ. ನೋಡಿದ ತಕ್ಷಣ ಸೆಳೆಯುವ ಚಿತ್ರಕ್ಕೆ ಇದೊಂದು ಶಾಪ, ಬಿಡಿಸಿದವರನ್ನು ಬಿಟ್ಟು ಬೇಗ ಊರೂರು ಸುತ್ತುತ್ತದೆ. 1968ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಮೇಳದ ಚಿತ್ರಕಲಾ ಪ್ರಶಸ್ತಿ ರೈಲಿಗೆ ಬಂತು, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಚಿತ್ರ ಅಲುಗಾಡುವಂತೆ ಕಂಡರೆ ಮಾನಸಿಕ ಒತ್ತಡ ಇದೆ ಎಂದರ್ಥವೇ?

ಖಂಡಿತ ಅಲ್ಲ. ಜಪಾನಿನ ನರತಜ್ಞರೊಬ್ಬರು ಮಾಡಿದ ಪರೀಕ್ಷೆ ಎಂಬ ಒಕ್ಕಣೆಯೊಂದಿಗೆ ಓಡಾಡುವ ಚಿತ್ರವನ್ನು ಬಿಡಿಸಿದ್ದು ಉಕ್ರೇನಿನ ಕಲಾವಿದ ಯೂರಿ ಪೆರೆಪಾಡ್ಯಾ, 2016ರಲ್ಲಿ, ಕಂಪ್ಯೂಟರಿನಲ್ಲಿ. ಅವರೇ ಮುಂದೆ ಬಂದು ಆ ಸುದ್ದಿ ಸುಳ್ಳು ಎಂದು ಹೇಳಿದರು. ತಮ್ಮ ಚಿತ್ರಕ್ಕೆ ಕಿತಾವೊಕಾ ಅವರ ವಿಧಾನವೇ ಆಧಾರ ಎಂದೂ ತಿಳಿಸಿದರು.

ಅಕಿಯೋಶಿ ಕಿತಾವೊಕಾ ಜಪಾನಿನ ರಿತ್ಸುಮೈಕಾನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 2003ರ ಅವರ 'ತಿರುಗುವ ಹಾವುಗಳು' ಈ ಬಗೆಯ ಅತ್ಯುತ್ತಮ ಚಿತ್ರ. ಕಪ್ಪು, ನೀಲಿ, ಬಿಳಿ, ಹಳದಿ ಎಂಬ ಕ್ರಮದಲ್ಲಿ ತುಂಡುಗಳು ಸುತ್ತುತ್ತವೆ. ಆ ಕ್ರಮವೇ ಚಲನೆಯ ದಿಕ್ಕನ್ನು ತೀರ್ಮಾನಿಸುತ್ತದೆ. ನೇರವಾಗಿ ದಿಟ್ಟಿಸಿದ ಚಕ್ರ ನಿಲ್ಲುತ್ತದೆ, ಓರೆಗಣ್ಣಿಗೆ ಸಿಕ್ಕವು ತಿರುಗುತ್ತವೆ. ಕಣ್ಣಿನ ಅತಿ ಸಣ್ಣ ಚಲನೆ ಮತ್ತು ರೆಪ್ಪೆ ಬಡಿತ ಇದಕ್ಕೆ ಪ್ರಚೋದನೆ. ಕೆಲವರಿಗೆ ಏನೂ ತಿರುಗುವುದಿಲ್ಲ, ಅದಕ್ಕೂ ಗಾಬರಿಯಾಗಬೇಕಿಲ್ಲ.

ಚಿತ್ರ ಯಾರದೆಂದು ಹುಡುಕುವುದು ಹೇಗೆ?

ಗೂಗಲ್ ಲೆನ್ಸ್‌ಗೆ ಚಿತ್ರ ಕೊಡಿ. ಬಂದ ಫಲಿತಾಂಶಗಳಲ್ಲಿ ವಸ್ತುಸಂಗ್ರಹಾಲಯ, ವಿಶ್ವವಿದ್ಯಾಲಯ ಅಥವಾ ಕಲಾವಿದರ ಸ್ವಂತ ಪುಟ ಇದ್ದರೆ ಅದನ್ನೇ ನಂಬಿ. ಮೂಲೆಗಳನ್ನು ಹಿಗ್ಗಿಸಿ ನೋಡಿ, ಎಷರ್ ಮುದ್ರಣಗಳಲ್ಲಿ ಎಂಸಿಇ ಎಂಬ ಮೂರಕ್ಷರದ ಗುರುತು ಸಿಗುತ್ತದೆ. ಹೆಸರು ಸಿಕ್ಕರೆ ಮುಂದಕ್ಕೆ ಕಳಿಸುವಾಗ ಸೇರಿಸಿ.

ಕಾಗದ ಬಿಟ್ಟು ವಸ್ತುಗಳಲ್ಲೂ ಮಾಡಿದವರಿದ್ದಾರೆಯೇ?

ಜಪಾನಿನ ಶಿಗೆಯೊ ಫುಕುಡಾ 1987ರಲ್ಲಿ 848 ಚಮಚ, ಫೋರ್ಕ್, ಚಾಕುಗಳನ್ನು ಬೆಸೆದು ಗುಡ್ಡೆ ಮಾಡಿದರು. ನೇರವಾಗಿ ನೋಡಿದರೆ ಆಕಾರವೇ ಇಲ್ಲ. ಸರಿಯಾದ ಕೋನದಿಂದ ಬೆಳಕು ಬಿಟ್ಟರೆ ನೆಲದ ಮೇಲೆ ಬೀಳುವ ನೆರಳು ಪೂರ್ತಿ ಮೋಟಾರ್ ಸೈಕಲ್. ಅದೇ ದೇಶದ ಗಣಿತಜ್ಞ ಕೊಕಿಚಿ ಸುಗಿಹಾರಾ ಅವರ ಇಳಿಜಾರುಗಳಲ್ಲಿ ಗೋಲಿಗಳು ಮೇಲಕ್ಕೆ ಉರುಳುವಂತೆ ಕಾಣುತ್ತವೆ. ಅದಕ್ಕೆ 2010ರ ವರ್ಷದ ಅತ್ಯುತ್ತಮ ಭ್ರಮೆ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ಬ್ರಿಟನ್ನಿನ ಪ್ಯಾಟ್ರಿಕ್ ಹ್ಯೂಸ್ ಹೊರಚಾಚಿದ ಹಲಗೆಗಳ ಮೇಲೆ ಬೀದಿ, ಕೋಣೆಗಳನ್ನು ಬಿಡಿಸುತ್ತಾರೆ. ಚಿತ್ರದಲ್ಲಿ ಅತಿ ದೂರದ್ದು ವಾಸ್ತವದಲ್ಲಿ ನಿಮಗೆ ಅತಿ ಹತ್ತಿರ. ನೀವು ನಡೆದರೆ ಇಡೀ ಬೀದಿ ಹೊರಳುತ್ತದೆ.

ರಸ್ತೆಯ ಮೇಲಿನ ತ್ರೀಡಿ ಚಿತ್ರಗಳನ್ನು ಶುರುಮಾಡಿದವರು ಯಾರು? ಬೆಂಗಳೂರಿನ ಮೊಸಳೆಯೂ ಅದೇ ಬಗೆಯದೇ?

ಇಟಲಿಯಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ದೇವರ ಚಿತ್ರ ಬಿಡಿಸುವ ಪದ್ಧತಿ ಹಳೆಯದು. ನಾಸಾದಲ್ಲಿ ಚಿತ್ರಕಾರರಾಗಿದ್ದ ಕರ್ಟ್ ವೆನ್ನರ್ 1980ರ ದಶಕದಲ್ಲಿ ಅದಕ್ಕೆ ಪೊಜ್ಜೊ ಕಾಲದ ಲೆಕ್ಕವನ್ನು ಬೆರೆಸಿದರು. ಛಾವಣಿಯ ವಿದ್ಯೆ ನೆಲಕ್ಕೆ ಇಳಿಯಿತು.

ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಆ ಮೊಸಳೆ ದೃಷ್ಟಿಭ್ರಮೆಯಲ್ಲ. 2015ರಲ್ಲಿ ಸುಲ್ತಾನ್‌ಪಾಳ್ಯದ ನೀರು ತುಂಬಿದ ರಸ್ತೆಗುಂಡಿಯಲ್ಲಿ ಅವರು ಇಟ್ಟದ್ದು ನಿಜವಾದ ಗಾತ್ರದ ಬೊಂಬೆ. ಆದರೆ ಮೈಸೂರಿನ ಕಾವಾ ಎಂಬ ಚಿತ್ರಕಲಾ ಕಾಲೇಜಿನಲ್ಲಿ ಕಲಿತ ಇವರ 2019ರ 'ಚಂದ್ರನ ಮೇಲಿನ ನಡಿಗೆ' ವಿಡಿಯೊ ಅಪ್ಪಟ ಭ್ರಮೆ. ರಾತ್ರಿ ಹೊತ್ತು, ಗಗನಯಾತ್ರಿಯ ಪೋಷಾಕು, ನಿಧಾನದ ಹೆಜ್ಜೆ, ಬದಿಯಿಂದ ಬೀಳುವ ಬೆಳಕಿಗೆ ಚಂದ್ರನ ಕುಳಿಗಳಂತೆ ಕಾಣುವ ರಸ್ತೆಗುಂಡಿಗಳು. ಅಷ್ಟರಲ್ಲಿ ಪಕ್ಕದಲ್ಲೇ ಆಟೋ ಹಾದುಹೋಗುತ್ತದೆ. ಭ್ರಮೆಯನ್ನು ಕಟ್ಟಿದ ಕಲಾವಿದನೇ ಅದನ್ನು ಒಡೆದದ್ದರಿಂದ ದೂರು ನೇರವಾಗಿ ನಾಟಿತು, ಗುಂಡಿಗಳಿಗೆ ಬೇಗನೇ ಡಾಂಬರು ಬಂತು.

ಈ ಚಿತ್ರಗಳಿಂದ ಕಣ್ಣಿಗೆ ಹಾನಿಯೇ?

ಸಾಮಾನ್ಯವಾಗಿ ಇಲ್ಲ. ದಟ್ಟ ಪಟ್ಟೆಗಳು ಕೆಲವರಿಗೆ ತಲೆನೋವು ತರುತ್ತವೆ. ಬೆಳಕು, ಪಟ್ಟೆಗಳಿಂದ ಮೂರ್ಛೆ ಬರುವ ತೊಂದರೆ ಇರುವವರು ಇಂಥ ಚಿತ್ರಗಳಿಂದ ದೂರವಿರಬೇಕು.

ಮನೆಯಂಗಳದಲ್ಲೇ ತ್ರೀಡಿ ಚಿತ್ರ ಬಿಡಿಸಬಹುದೇ?

ಬಿಡಿಸಬಹುದು, ಇಬ್ಬರು ಬೇಕು. ಮೊಬೈಲನ್ನು ಕುರ್ಚಿಯ ಮೇಲೆ ಅಲುಗದಂತೆ ನಿಲ್ಲಿಸಿ, ಕ್ಯಾಮೆರಾ ಅಂಗಳದ ಕಡೆ ಸ್ವಲ್ಪ ಕೆಳಮುಖವಾಗಿರಲಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಪೆಟ್ಟಿಗೆಯ ಚಿತ್ರ ಬರೆದು ಪರದೆಗೆ ಅಂಟಿಸಿ. ಒಬ್ಬರು ಪರದೆ ನೋಡುತ್ತಾ 'ಇನ್ನೂ ಆಚೆ, ಎಡಕ್ಕೆ, ಸಾಕು' ಎಂದು ಹೇಳಲಿ, ಇನ್ನೊಬ್ಬರು ಪೆಟ್ಟಿಗೆಯ ಒಂದೊಂದು ಮೂಲೆಗೂ ನೆಲದ ಮೇಲೆ ಚುಕ್ಕಿ ಇಡಲಿ. ರಂಗೋಲಿ ರೂಢಿಯಿದ್ದವರಿಗೆ ಈ ಕೆಲಸ ಸುಲಭ. ಚುಕ್ಕಿಗಳನ್ನು ಸೇರಿಸಿದಾಗ ನೆಲದ ಮೇಲಿನ ಆಕಾರ ವಿಪರೀತ ಉದ್ದಕ್ಕೆ ಎಳೆದಂತೆ ಇರುತ್ತದೆ. ಅದನ್ನು ತಿದ್ದಲು ಹೋಗಬೇಡಿ. ಒಂದು ಪಕ್ಕಕ್ಕೆ ಇದ್ದಿಲಿನಿಂದ ಗಾಢ ಬಣ್ಣ, ಮೇಲ್ಭಾಗಕ್ಕೆ ಬಿಳಿ ಸುಣ್ಣ ಹಚ್ಚಿ. ಅಂಗಳದ ನಿಜವಾದ ನೆರಳುಗಳು ಯಾವ ದಿಕ್ಕಿಗೆ ಬಿದ್ದಿವೆಯೋ ಪೆಟ್ಟಿಗೆಯ ನೆರಳೂ ಅದೇ ದಿಕ್ಕಿಗಿರಲಿ. ಬೆಳಗ್ಗೆ ಬಿಡಿಸಿದ್ದು ಸಂಜೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಫೋಟೋ ಆಗಲೇ ತೆಗೆದುಬಿಡಿ. ನೋಡುವವರಿಗೆ ಒಂದೇ ಕಣ್ಣು ತೆರೆದು, ಮೊಬೈಲ್ ಇದ್ದ ಎತ್ತರದಿಂದಲೇ ನೋಡಲು ಹೇಳಿ.